ನರಕೋಶ ಬೆಳೆಯುವುದನ್ನು ನೋಡುವವರು ಯಾರು? ನಮ್ಮ ಮೂರು ಜಿಲ್ಲೆಗಳಿಂದ ಆ ಲ್ಯಾಬ್ ಎಷ್ಟು ದೂರ?

ವಿಜಯಪುರ, ಬಾಗಲಕೋಟೆ ಇಲ್ಲವೇ ಬೆಳಗಾವಿಯ ಯಾವುದಾದರೂ ಡಿಗ್ರಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಹೋಗಿ ಕಪಾಟು ತೆಗೆಸಿದರೆ ಒಂದು ಸ್ಲೈಡ್ ಪೆಟ್ಟಿಗೆ ಸಿಗುತ್ತದೆ. 24 ತಾಸಿನ ಕೋಳಿ ಭ್ರೂಣ, 33 ತಾಸಿನದು, 48, 72. ಬಿ.ಎಸ್ಸಿ. ಹುಡುಗ ಹುಡುಗಿಯರು ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ರೆಕಾರ್ಡ್ ಬುಕ್ಕಿನಲ್ಲಿ ಪೆನ್ಸಿಲಿನಿಂದ ಚಿತ್ರ ಬಿಡಿಸುತ್ತಾರೆ. ಭಾಗಗಳ ಹೆಸರು ಬರೆದು ಸಹಿ ಮಾಡಿಸಿಕೊಳ್ಳುತ್ತಾರೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಗುರುತಿಸಿದರೆ ಅಂಕ ಸಿಗುತ್ತದೆ. ಅಲ್ಲಿಗೆ ಆ ಪಾಠ ಮುಗಿಯುತ್ತದೆ.

ಆ 33 ತಾಸಿನ ಸ್ಲೈಡಿನ ನಡುವೆ ಕಾಣುವ ಉದ್ದನೆಯ ಕೊಳವೆಯೇ ಮುಂದೆ ಮೆದುಳು ಮತ್ತು ಬೆನ್ನುಹುರಿ ಆಗುವುದು. ಅದರ ಗೋಡೆಯಲ್ಲಿ, ಅದರ ಅಂಚಿನಲ್ಲಿ ಹುಟ್ಟುವ ಕೋಶಗಳು ಎಳೆ ಚಾಚುತ್ತವೆ. ದಾರಿ ಹುಡುಕಿಕೊಂಡು ಹೋಗಿ ತಮಗೆ ಸೇರಬೇಕಾದ ಸ್ನಾಯುವನ್ನೋ ಚರ್ಮವನ್ನೋ ಮುಟ್ಟುತ್ತವೆ. ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ದೇಶ ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ಲ್ಯಾಬ್‌ಗಳು ಇವತ್ತೂ ದುಡಿಯುತ್ತಿವೆ. ಅವರಲ್ಲಿ ಬಹಳ ಮಂದಿ ಬಳಸುವುದು ಇದೇ ಕೋಳಿ ಭ್ರೂಣವನ್ನು. ವ್ಯತ್ಯಾಸ ಇಷ್ಟೇ. ಅವರ ಕೈಯಲ್ಲಿ ಇರುವುದು ಜೀವಂತ ಭ್ರೂಣ. ನಮ್ಮ ಮಕ್ಕಳ ಕೈಗೆ ಬರುವುದು ಬಣ್ಣ ಹಾಕಿ ಗಾಜಿಗೆ ಅಂಟಿಸಿದ್ದು.

ಈ ಅಂತರ ಯಾಕೆ ಎಂದು ಕೇಳಿದರೆ ಹೆಚ್ಚಿನವರು ಯಂತ್ರ ಇಲ್ಲ, ದುಡ್ಡಿಲ್ಲ ಎನ್ನುತ್ತಾರೆ. ಅದು ಸುಳ್ಳೇನಲ್ಲ. ಆದರೆ ಇಂಥ ಲ್ಯಾಬ್ ಒಂದು ಹೇಗೆ ನಡೆಯುತ್ತದೆ, ಅಲ್ಲಿ ಯಾರು ಏನು ಮಾಡುತ್ತಾರೆ ಎಂದು ನೋಡಿದರೆ ನಮಗೆ ಕಡಿಮೆ ಬಿದ್ದಿರುವುದು ಮೊದಲು ಜನ, ಆಮೇಲೆ ಯಂತ್ರ ಎಂದು ಗೊತ್ತಾಗುತ್ತದೆ.

ಹತ್ತು ಹನ್ನೆರಡು ಜನರ ಸಂಸಾರ

ನರಕೋಶದ ಬೆಳವಣಿಗೆ ನೋಡುವ ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಹತ್ತು ಹನ್ನೆರಡು ಜನ ಇರುತ್ತಾರೆ. ಒಬ್ಬರು ಪ್ರೊಫೆಸರ್. ಯಾವ ಪ್ರಶ್ನೆ ಹಿಡಿಯಬೇಕು ಎಂದು ಆರಿಸುವುದು, ಯೋಜನೆ ಬರೆದು ಹಣ ತರುವುದು, ಹುಡುಗರು ಬರೆದದ್ದನ್ನು ತಿದ್ದುವುದು ಅವರ ಕೆಲಸ. ವಯಸ್ಸಾದಂತೆ ಅವರ ಕೈಯಲ್ಲಿ ಪಿಪೆಟ್ ಇರುವುದು ಕಡಿಮೆಯಾಗುತ್ತದೆ. ಅವರ ಜೊತೆ ಒಬ್ಬಿಬ್ಬರು ಪೋಸ್ಟ್‌ಡಾಕ್‌ಗಳು ಇರುತ್ತಾರೆ. ಇವರು ಪಿಎಚ್‌ಡಿ ಮುಗಿಸಿ, ಕಾಯಂ ನೌಕರಿ ಸಿಗುವವರೆಗೆ ಎರಡು ಮೂರು ವರ್ಷದ ಕರಾರಿನ ಮೇಲೆ ದುಡಿಯುವವರು. ಆಮೇಲೆ ನಾಲ್ಕೈದು ಪಿಎಚ್‌ಡಿ ವಿದ್ಯಾರ್ಥಿಗಳು, ಒಬ್ಬ ಪ್ರಾಜೆಕ್ಟ್ ಅಸಿಸ್ಟೆಂಟ್, ಒಬ್ಬ ಟೆಕ್ನಿಷಿಯನ್. ಬೇಸಿಗೆ ರಜೆಯಲ್ಲಿ ಬಂದು ಕೈ ಪಳಗಿಸಿಕೊಳ್ಳುವ ಡಿಗ್ರಿ ಹುಡುಗರೂ ಇರುತ್ತಾರೆ. ಕೋಶಗಳನ್ನು ಸಾಕಿ ಬೆಳೆಸುವ, ರಾತ್ರಿ ಹನ್ನೊಂದಕ್ಕೆ ಬಂದು ಇನ್‌ಕ್ಯುಬೇಟರ್ ನೋಡುವ ಕೆಲಸ ಬಹುಪಾಲು 22ರಿಂದ 32 ವಯಸ್ಸಿನವರದು.

ಅವರ ಒಂದು ದಿನದ ಕೆಲಸ ಹೀಗಿರುತ್ತದೆ. ಎಂಟು ದಿನ ಕಾವು ಕೊಟ್ಟ ತತ್ತಿಯನ್ನು ಒಡೆದು ಭ್ರೂಣವನ್ನು ತೆಗೆಯುತ್ತಾರೆ. ಬೆನ್ನುಹುರಿಯ ಎರಡೂ ಬದಿಗೆ ಸಾಲಾಗಿ ಕೂತಿರುವ ಪುಟ್ಟ ನರಗಂಟುಗಳನ್ನು ಸೂಕ್ಷ್ಮ ಚಿಮುಟದಿಂದ ಬಿಡಿಸುತ್ತಾರೆ. ಪ್ರೊಟೀನ್ ಲೇಪಿಸಿದ ಗಾಜಿನ ಮೇಲೆ ಇಟ್ಟು, ಪೋಷಕ ದ್ರವ ಹಾಕಿ, 37 ಡಿಗ್ರಿ ಶಾಖದಲ್ಲಿ ಇಡುತ್ತಾರೆ. ಎಲ್ಲ ಸರಿಯಾದರೆ ಮರುದಿನ ಆ ಗಂಟಿನ ಸುತ್ತ ಎಳೆಗಳು ಹೊರಟಿರುತ್ತವೆ. ಎಲ್ಲೋ ಒಂದು ಕಡೆ ಬೂಸಲು ಸೇರಿದರೆ ಇಡೀ ವಾರದ ಕೆಲಸ ಹಾಳು. ದ್ರವದ ಬಣ್ಣ ಗುಲಾಬಿ ಇದ್ದರೆ ಕೋಶಗಳಿಗೆ ಹಿತ, ಹಳದಿಗೆ ತಿರುಗಿದರೆ ಆಮ್ಲ ಏರಿದೆ ಎಂದರ್ಥ. ಇದು ಪುಸ್ತಕದಲ್ಲೂ ಇದೆ. ಆದರೆ ಎಷ್ಟು ಹಳದಿಯಾದಾಗ ಗಾಬರಿಯಾಗಬೇಕು, ಚಿಮುಟ ಎಷ್ಟು ಹಗುರ ಹಿಡಿಯಬೇಕು, ಯಾವ ಭ್ರೂಣವನ್ನು ಮುಟ್ಟದೆ ಬಿಡಬೇಕು ಎಂಬುದನ್ನು ಪಕ್ಕದಲ್ಲಿ ಕೂತ ಸೀನಿಯರ್ ತೋರಿಸಿಕೊಡಬೇಕು. ಐದನೇ ವರ್ಷದವರು ಎರಡನೇ ವರ್ಷದವರಿಗೆ, ಅವರು ಹೊಸಬರಿಗೆ. ಈ ಸರಪಳಿ ನಡುವೆ ಒಂದೆರಡು ವರ್ಷ ಹರಿದರೆ ಸಾಕು, ಲ್ಯಾಬ್ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ.

ಎಳೆಯ ತುದಿಯಲ್ಲಿ ಏನು ನಡೆಯುತ್ತದೆ

ಬೆಳೆಯುವ ನರಕೋಶ ಮೊದಲು ನಾಲ್ಕೈದು ಚಿಕ್ಕ ಎಳೆಗಳನ್ನು ಚಾಚುತ್ತದೆ. ಎಲ್ಲವೂ ಹೆಚ್ಚೂಕಡಿಮೆ ಒಂದೇ ಉದ್ದ. ಸ್ವಲ್ಪ ಹೊತ್ತಿನ ಮೇಲೆ ಅವುಗಳಲ್ಲಿ ಒಂದು ಮಾತ್ರ ಜೋರಾಗಿ ಓಡತೊಡಗುತ್ತದೆ. ಅದೇ ಆಕ್ಸಾನ್, ಅಂದರೆ ಸಂದೇಶ ಹೊರಗೆ ಒಯ್ಯುವ ಉದ್ದನೆಯ ಎಳೆ. ಉಳಿದವು ಸಂದೇಶ ಬರಮಾಡಿಕೊಳ್ಳುವ ಕೊಂಬೆಗಳಾಗುತ್ತವೆ. ಇಲಿ ಭ್ರೂಣದ ಮೆದುಳಿನ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಈ ಬೆಳವಣಿಗೆಗೆ ಐದು ಹಂತಗಳಿವೆ ಎಂದು 1988ರಲ್ಲಿ ತೋರಿಸಿದರು. ಇಂದಿಗೂ ಲ್ಯಾಬ್‌ಗಳಲ್ಲಿ "ಇದು ಮೂರನೇ ಹಂತದ ಕೋಶ" ಎಂದೇ ಮಾತಾಡಿಕೊಳ್ಳುತ್ತಾರೆ.

ಆಕ್ಸಾನಿನ ತುದಿಯಲ್ಲಿ ಗ್ರೋತ್ ಕೋನ್ ಎಂಬ ಅಂಗೈಯಂಥ ಭಾಗ ಇದೆ. ಅದರ ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನ ಆಸುಪಾಸು. ಅದರಿಂದ ತೆಳುವಾದ ಬೆರಳುಗಳು ಹೊರಡುತ್ತವೆ, ಸುತ್ತ ಮುಟ್ಟಿ ನೋಡುತ್ತವೆ, ಹಿಂದೆ ಸರಿಯುತ್ತವೆ. ಹೀರೇ ಬಳ್ಳಿಯ ಕುಡಿ ಚಪ್ಪರ ತಡಕಾಡುವ ಹಾಗೆ. ಬೆರಳುಗಳ ಒಳಗೆ ಆಕ್ಟಿನ್ ಎಂಬ ಪ್ರೊಟೀನಿನ ಎಳೆಗಳು ಕ್ಷಣಕ್ಷಣಕ್ಕೂ ಕಟ್ಟಿಕೊಂಡು ಬಿಚ್ಚಿಕೊಳ್ಳುತ್ತಿರುತ್ತವೆ. ಹಿಂದಿನಿಂದ ಮೈಕ್ರೋಟ್ಯೂಬ್ಯೂಲ್ ಎಂಬ ಗಟ್ಟಿ ಕೊಳವೆಗಳು ಬಂದು ಸೇರುತ್ತವೆ. ಅವು ಯಾವ ಬೆರಳಿನ ಕಡೆ ನುಗ್ಗುತ್ತವೋ ಆ ದಿಕ್ಕಿಗೆ ಎಳೆ ತಿರುಗುತ್ತದೆ. ದಾರಿಯಲ್ಲಿ ಕೆಲವು ರಾಸಾಯನಿಕಗಳು "ಬಾ" ಎಂದು ಕರೆದರೆ ಕೆಲವು "ಹೋಗು" ಎಂದು ತಳ್ಳುತ್ತವೆ.

ತುದಿ ಒಮ್ಮೆ ಗುರಿ ಮುಟ್ಟಿತು ಅನ್ನಿ. ಬೆಳವಣಿಗೆ ಅಲ್ಲಿಗೂ ಮುಗಿಯುವುದಿಲ್ಲ. ಭ್ರೂಣದಲ್ಲಿ ಕಾಲು ಇನ್ನೂ ಕೆಲವೇ ಮಿಲಿಮೀಟರ್ ಉದ್ದ ಇರುವಾಗಲೇ ನರ ಅಲ್ಲಿ ತಲುಪಿರುತ್ತದೆ. ಆ ಮಗು ದೊಡ್ಡದಾದಾಗ ಸೊಂಟದಿಂದ ಕಾಲ್ಬೆರಳಿಗೆ ಹೋಗುವ ಒಂದೊಂದು ಆಕ್ಸಾನ್ ಸುಮಾರು ಒಂದು ಮೀಟರ್ ಉದ್ದ ಆಗಿರುತ್ತದೆ. ನಡುವಿನ ಉದ್ದ ಎಲ್ಲಿಂದ ಬಂತು? ಮೈ ಬೆಳೆದಂತೆ ನರವೂ ಎಳೆದುಕೊಂಡು ಬೆಳೆಯುತ್ತದೆ. ತಟ್ಟೆಯಲ್ಲಿ ಇಲಿಯ ನರಗಳನ್ನು ನಿಧಾನವಾಗಿ ಎಳೆಯುತ್ತ ಹೋದರೆ ಅವು ಹರಿಯುವುದಿಲ್ಲ. ದಿನಕ್ಕೆ ಸುಮಾರು ಒಂದು ಸೆಂಟಿಮೀಟರಿನವರೆಗೂ ಹೊಸದಾಗಿ ಉದ್ದವಾಗುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಹೊಸ ಸಾಮಗ್ರಿ ಎಳೆಯ ಯಾವ ಜಾಗದಲ್ಲಿ ಸೇರುತ್ತದೆ, ಎಳೆತ ಎಂಬ ಬರೀ ಬಲವನ್ನು ಕೋಶ "ಬೆಳೆ" ಎಂಬ ಸಂದೇಶವಾಗಿ ಹೇಗೆ ಓದಿಕೊಳ್ಳುತ್ತದೆ ಎಂಬುದನ್ನು ಈಗಲೂ ಹುಡುಕುತ್ತಿದ್ದಾರೆ. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ಇಲ್ಲಿ ಜೀವಶಾಸ್ತ್ರದವರ ಪಕ್ಕದಲ್ಲೇ ಭೌತಶಾಸ್ತ್ರದವರೂ, ಇಂಜಿನಿಯರುಗಳೂ ಕೂತು ಕೆಲಸ ಮಾಡುತ್ತಾರೆ.

ಮಲಗುವ ಕೋಣೆಯ ಲ್ಯಾಬ್

ಗ್ರೋತ್ ಕೋನ್ ಅನ್ನು ಮೊದಲು ಗುರುತಿಸಿದ್ದು ಸ್ಪೇನ್ ದೇಶದ ರಾಮೋನ್ ಇ ಕಹಾಲ್, 1890ರಲ್ಲಿ, ಕೋಳಿ ಭ್ರೂಣದ ಬೆನ್ನುಹುರಿಯಲ್ಲಿ. ಅವರು ನೋಡಿದ್ದು ಸತ್ತು ಬಣ್ಣ ಹಿಡಿದ ಕೋಶವನ್ನೇ. ಅದು ಚಲಿಸುವ ಅಂಗ ಎಂದು ಚಿತ್ರದಿಂದಲೇ ಊಹಿಸಿದರು. ನರದ ಎಳೆ ಒಂದೇ ಕೋಶದಿಂದ ಹೊರಡುತ್ತದೋ, ಹಲವು ಕೋಶ ಸೇರಿ ಕಟ್ಟುತ್ತವೋ ಎಂಬ ಜಗಳ ಆಗ ಜೋರಾಗಿತ್ತು. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆ ಭ್ರೂಣದ ಒಂದು ಚೂರನ್ನು ದುಗ್ಧರಸದ ಹನಿಯಲ್ಲಿ ತೂಗುಬಿಟ್ಟು, ಎಳೆ ಬೆಳೆಯುವುದನ್ನು ಕಣ್ಣಾರೆ ನೋಡಿದರು. ಜಗಳ ಬಗೆಹರಿಯಿತು. ದೇಹದ ಹೊರಗೆ ಕೋಶ ಬೆಳೆಸುವ ವಿದ್ಯೆಗೂ ಅಲ್ಲಿಂದಲೇ ದಾರಿಯಾಯಿತು.

ಆದರೆ ನಮ್ಮ ಹೆಣ್ಣುಮಕ್ಕಳಿಗೆ ನಾನು ಹೇಳಬಯಸುವ ಕತೆ ರೀಟಾ ಲೆವಿ ಮೊಂಟಾಲ್ಚಿನಿ ಅವರದು. ಇಟಲಿಯ ಟ್ಯೂರಿನ್‌ನಲ್ಲಿ 1909ರಲ್ಲಿ ಹುಟ್ಟಿದರು. ಹೆಣ್ಣುಮಕ್ಕಳಿಗೆ ವೃತ್ತಿಯ ಓದು ಬೇಡ ಎನ್ನುತ್ತಿದ್ದ ತಂದೆಯನ್ನು ಒಪ್ಪಿಸಿ ವೈದ್ಯಕೀಯ ಓದಿದರು. 1938ರಲ್ಲಿ ಮುಸೊಲಿನಿ ಸರ್ಕಾರದ ಕಾನೂನು ಯಹೂದಿಗಳನ್ನು ವಿಶ್ವವಿದ್ಯಾಲಯದಿಂದ ಹೊರಗೆ ಹಾಕಿತು. ಅವರು ಕೈಕಟ್ಟಿ ಕೂರಲಿಲ್ಲ. ಮನೆಯ ಮಲಗುವ ಕೋಣೆಯಲ್ಲೇ ಲ್ಯಾಬ್ ಮಾಡಿದರು. ಹೊಲಿಗೆ ಸೂಜಿಗಳನ್ನು ಮಸೆದು ಚಿಕ್ಕ ಚಾಕು ಮಾಡಿಕೊಂಡರು. ಒಂದು ಮೈಕ್ರೋಸ್ಕೋಪ್, ಒಂದು ಇನ್‌ಕ್ಯುಬೇಟರ್, ಮತ್ತೆ ಕೋಳಿ ತತ್ತಿ. ಬಾಂಬ್ ದಾಳಿ ಜಾಸ್ತಿಯಾದಾಗ ಹಳ್ಳಿಗೆ ಹೋಗಿ ಅಲ್ಲೂ ಕೆಲಸ ಮುಂದುವರಿಸಿದರು. ರೈತರ ಮನೆಗೆ ಹೋಗಿ ತತ್ತಿ ಕೇಳಿ ತರುತ್ತಿದ್ದರು.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದ ವಿಕ್ಟರ್ ಹ್ಯಾಂಬರ್ಗರ್ ಎಂಬ ಭ್ರೂಣವಿಜ್ಞಾನಿ ರೀಟಾ ಅವರನ್ನು ತಮ್ಮಲ್ಲಿಗೆ ಕರೆಸಿಕೊಂಡರು. ಇಲಿಯ ಒಂದು ಗಡ್ಡೆಯನ್ನು ಕೋಳಿ ಭ್ರೂಣಕ್ಕೆ ಕಸಿ ಮಾಡಿದರೆ ನರಗಳು ಅದರ ಕಡೆ ಮುಗಿಬೀಳುವುದನ್ನು ರೀಟಾ ಬೆನ್ನು ಹತ್ತಿದರು. 1952ರ ಕೊನೆಗೆ ಗಡ್ಡೆ ಇರುವ ಇಲಿಗಳನ್ನು ಕಟ್ಟಿಕೊಂಡು ಬ್ರೆಜಿಲಿನ ರಿಯೋಗೆ ಹೋದರು, ಯಾಕೆಂದರೆ ಅಲ್ಲಿ ಹೆರ್ತಾ ಮೇಯರ್ ಎಂಬ ಮಹಿಳೆಗೆ ಕೋಶ ಬೆಳೆಸುವ ಕೈಚಳಕ ಗೊತ್ತಿತ್ತು. ಗಡ್ಡೆಯ ಪಕ್ಕ ಇಟ್ಟ ನರಗಂಟು ಒಂದು ದಿನದೊಳಗೆ ಸುತ್ತಲೂ ದಟ್ಟ ಎಳೆ ಬಿಟ್ಟಿತು. ಮರುವರ್ಷ ಸ್ಟ್ಯಾನ್ಲಿ ಕೋಹೆನ್ ಎಂಬ ರಸಾಯನ ವಿಜ್ಞಾನಿ ಸೇರಿಕೊಂಡರು, ಗಡ್ಡೆಯಿಂದ ಬಂದು ನರ ಬೆಳೆಸುವ ಆ ವಸ್ತುವನ್ನು ಬೇರ್ಪಡಿಸಿದರು. ಅದೇ ನರ್ವ್ ಗ್ರೋತ್ ಫ್ಯಾಕ್ಟರ್. ಇಬ್ಬರಿಗೂ 1986ರಲ್ಲಿ ನೊಬೆಲ್ ಬಂತು.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಮಲಗುವ ಕೋಣೆಗೇ ನಿಲ್ಲುತ್ತಾರೆ. ಛಲ ಇದ್ದರೆ ಸಾಕು, ಲ್ಯಾಬ್ ಬೇಡ ಎಂಬ ಅರ್ಥ ಬರುವಂತೆ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಕೋಣೆಯಲ್ಲಿ ಅವರ ಜೊತೆ ಕೂತು ಕೆಲಸ ಮಾಡಿದವರು ಅವರ ಗುರು ಜೂಸೆಪ್ಪೆ ಲೆವಿ. ಅವರನ್ನೂ ಅದೇ ಕಾನೂನು ಹೊರಗೆ ಹಾಕಿತ್ತು. ಲೆವಿ ಅವರ ಕೈಯಲ್ಲಿ ಕಲಿತ ಮೂವರಿಗೆ ನೊಬೆಲ್ ಬಂದಿದೆ: 1969ರಲ್ಲಿ ಲೂರಿಯಾ, 1975ರಲ್ಲಿ ಡುಲ್ಬೆಕ್ಕೊ, 1986ರಲ್ಲಿ ರೀಟಾ. ರೀಟಾ ಅವರ ಹತ್ತಿರ ಯಂತ್ರ ಇರಲಿಲ್ಲ, ಸಂಬಳ ಇರಲಿಲ್ಲ, ದೇಶವೇ ವಿರುದ್ಧ ಇತ್ತು. ಇದ್ದದ್ದು ಒಳ್ಳೆಯ ಗುರು ಕಲಿಸಿದ ಕೈ. ಆಮೇಲೆ ಹ್ಯಾಂಬರ್ಗರ್, ಮೇಯರ್, ಕೋಹೆನ್ ಸಿಕ್ಕರು.

ಲ್ಯಾಬ್‌ನ ಜನ ಎಂಬ ಮಾತಿಗೆ ಇನ್ನೊಂದು ಮುಖವೂ ಇದೆ. ನೆಟ್ರಿನ್ ಎಂಬ ದಾರಿ ತೋರಿಸುವ ಪ್ರೊಟೀನನ್ನು 1994ರಲ್ಲಿ ಪ್ರಕಟಿಸಿದ್ದು ಮಾರ್ಕ್ ಟೆಸಿಯೇ ಲವೀನ್ ಅವರ ಲ್ಯಾಬ್. ಅದಕ್ಕಾಗಿ ಸುಮಾರು 25,000 ಕೋಳಿ ಭ್ರೂಣಗಳ ಮೆದುಳನ್ನು ಸಂಸ್ಕರಿಸಬೇಕಾಯಿತು. ಆ ದುಡಿಮೆಯಲ್ಲಿ ಮುಂದೆ ನಿಂತವರು ಟಿಟೊ ಸೆರಾಫಿನಿ, ಟಿಮ್ ಕೆನೆಡಿ ಎಂಬ ಕಿರಿಯ ಸಂಶೋಧಕರು. ಅದೇ ಪ್ರೊಫೆಸರ್ ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. 2023ರ ಜುಲೈನಲ್ಲಿ ರಾಜೀನಾಮೆ ಘೋಷಿಸಿದರು. ಅವರ ಲ್ಯಾಬ್‌ಗಳಿಂದ ಹೊರಬಂದ ಬೇರೆ ಕೆಲವು ಪ್ರಬಂಧಗಳಲ್ಲಿ ಚಿತ್ರಗಳನ್ನು ತಿದ್ದಿದ್ದು ಪತ್ತೆಯಾಗಿತ್ತು. ಅವರು ತಾವೇ ಮೋಸ ಮಾಡಿಲ್ಲ, ಆದರೆ ತಪ್ಪು ಗೊತ್ತಾದ ಮೇಲೂ ಪ್ರಬಂಧಗಳನ್ನು ಸರಿಯಾಗಿ ತಿದ್ದಿಸಲಿಲ್ಲ ಎಂದು ವಿಚಾರಣಾ ಸಮಿತಿ ಹೇಳಿತು. ಕಿರಿಯರ ಮೇಲೆ ಬೇಗ ಫಲಿತಾಂಶ ಕೊಡುವ ಒತ್ತಡ ಬಿದ್ದಾಗ, ತಪ್ಪಾಯಿತು ಎಂದು ಹೇಳುವ ಧೈರ್ಯ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಇದನ್ನು ಪ್ರತಿ ಹೊಸ ಲ್ಯಾಬ್ ನೆನಪಿಡಬೇಕು.

ನಮಗಿದರಿಂದ ಏನು?

ಈ ಪ್ರಶ್ನೆ ನ್ಯಾಯವಾದದ್ದೇ. ಎರಡು ಉತ್ತರ ಕೊಡುತ್ತೇನೆ.

ಮನುಷ್ಯ ಭ್ರೂಣದಲ್ಲಿ ನರದ ಕೊಳವೆ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮಗುವಿನ ಬೆನ್ನುಹುರಿಯಲ್ಲೋ ತಲೆಯಲ್ಲೋ ಹುಟ್ಟುದೋಷ ಉಳಿಯುತ್ತದೆ. ಎಷ್ಟೋ ತಾಯಂದಿರಿಗೆ ಅಷ್ಟರೊಳಗೆ ತಾವು ಗರ್ಭಿಣಿ ಎಂದೇ ಖಾತ್ರಿ ಆಗಿರುವುದಿಲ್ಲ. ಮೊದಲ ಮಗುವಿಗೆ ಇಂಥ ದೋಷ ಇದ್ದ ತಾಯಂದಿರು ಗರ್ಭ ಧರಿಸುವ ಮುಂಚಿನಿಂದಲೇ ಫೋಲಿಕ್ ಆಸಿಡ್ ತೆಗೆದುಕೊಂಡರೆ ಅದು ಮರುಕಳಿಸುವುದು 72 ಶೇಕಡಾದಷ್ಟು ತಗ್ಗುತ್ತದೆ ಎಂದು 1991ರಲ್ಲಿ ಬ್ರಿಟನ್ ಮುಂದಾಳತ್ವದ ಅಧ್ಯಯನ ತೋರಿಸಿತು. ಮಗು ಬೇಕು ಎಂದುಕೊಂಡಾಗಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಎಂಬುದು ಸಾಮಾನ್ಯವಾಗಿ ಹೆಣ್ಣುಮಕ್ಕಳಿಗೆ ಇರುವ ಸಲಹೆ; ಮೊದಲ ಮಗುವಿಗೆ ದೋಷ ಇದ್ದವರಿಗೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕು, ಅದನ್ನು ವೈದ್ಯರೇ ಹೇಳಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ ಕಬ್ಬಿಣದ ಜೊತೆ ಇದೂ ಇದೆ. ಮದುವೆಯಾದ ಮೊದಲ ವರ್ಷದಲ್ಲೇ ತಾಯಿಯಾಗುವ ಹುಡುಗಿಯರು ನಮ್ಮ ಕಡೆ ಕಡಿಮೆ ಇಲ್ಲ. ಆ 28 ದಿನದ ಲೆಕ್ಕ ಅವರ ಮನೆಗಳಿಗೆ ಮುಟ್ಟಬೇಕು.

ಇನ್ನೊಂದು, ಕೈಕಾಲಿನ ಗಾಯ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಅಪಘಾತಗಳು, ಕುಡುಗೋಲಿನ ಗಾಯಗಳು ನಮಗೆ ಹೊಸತಲ್ಲ. ಕೈಯ ನರ ಕಡಿದರೆ ಹೊಲಿಗೆ ಹಾಕಿದ ಮೇಲೂ ಬೆರಳಿಗೆ ಸ್ಪರ್ಶ ಬರಲು ತಿಂಗಳುಗಟ್ಟಲೆ ಕಾಯಬೇಕು. ಯಾಕೆಂದರೆ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮೊಣಕೈಯಿಂದ ಬೆರಳ ತುದಿಗೆ ವರ್ಷವೇ ಬೇಕಾಗಬಹುದು. ಬೆನ್ನುಹುರಿ ಕಡಿದರೆ ಆ ನಿಧಾನದ ಬೆಳವಣಿಗೆಯೂ ಇಲ್ಲ. ಭ್ರೂಣದಲ್ಲಿ ಅಷ್ಟು ಚುರುಕಾಗಿ ಬೆಳೆದ ಎಳೆ ದೊಡ್ಡವರ ಬೆನ್ನುಹುರಿಯಲ್ಲಿ ಯಾಕೆ ನಿಲ್ಲುತ್ತದೆ? ಗಾಯದ ಕಲೆ, ಸುತ್ತಲಿನ ತಡೆಯುವ ಪ್ರೊಟೀನ್‌ಗಳು, ಕೋಶದ ಒಳಗೇ ಕುಂದಿದ ಶಕ್ತಿ, ಹೀಗೆ ಹಲವು ಕಾರಣಗಳು ಗೊತ್ತಾಗಿವೆ. ಚಿಕಿತ್ಸೆ ಇನ್ನೂ ಬಂದಿಲ್ಲ. ಬಂದರೆ ಅದು ಈ ತಟ್ಟೆಗಳಿಂದಲೇ ಬರುತ್ತದೆ.

ನಮ್ಮಲ್ಲಿ ಸರಪಳಿ ಎಲ್ಲಿ ಹರಿಯುತ್ತದೆ

ನಮ್ಮ ಮೂರು ಜಿಲ್ಲೆಗಳಲ್ಲಿ ವಿಶ್ವವಿದ್ಯಾಲಯಗಳಿಗೆ ಬರವಿಲ್ಲ. ಬೆಳಗಾವಿಯಲ್ಲಿ 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇದೆ. ವಿಜಯಪುರದಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾಲಯ. ಬಾಗಲಕೋಟೆಯಲ್ಲಿ 2008ರ ತೋಟಗಾರಿಕೆ ವಿಶ್ವವಿದ್ಯಾಲಯ, ಜಮಖಂಡಿಯಲ್ಲಿ ಈಚಿನ ಬಾಗಲಕೋಟೆ ವಿಶ್ವವಿದ್ಯಾಲಯ. ದೊಡ್ಡ ಮೆಡಿಕಲ್ ಕಾಲೇಜುಗಳೂ ಇವೆ. ಆದರೂ ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿ ಕೇಳುವ ಪ್ರಶ್ನೆ ಒಂದೇ: "ಮೇಡಂ, ಇದನ್ನ ಓದಿದ್ರ ಮುಂದ ಏನ್ ಐತ್ರಿ? ಬಿ.ಎಡ್. ಮಾಡ್ಲ್ಯಾ?" ಬಿ.ಎಡ್. ಮಾಡುವುದು ತಪ್ಪಲ್ಲ. ಬೇರೆ ದಾರಿ ಒಂದಿದೆ ಎಂದು ತೋರಿಸುವವರು ಅವಳಿಗೆ ಸಿಗದಿರುವುದು ನನ್ನ ಸಂಕಟ.

ತೋರಿಸಬೇಕಾದವರ ಸ್ಥಿತಿ ನೋಡಿ. ರಾಜ್ಯದ ಸರ್ಕಾರಿ ಡಿಗ್ರಿ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ದುಡಿಮೆಯ ಮೇಲೆ. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರು ಐದು ವರ್ಷದ ಸಂಶೋಧನೆಗೆ ಕೈ ಹಾಕುವುದು ಹೇಗೆ? ಪಿಎಚ್‌ಡಿ ವಿದ್ಯಾರ್ಥಿಗೆ ಗೈಡ್ ಆಗುವುದು ಹೇಗೆ? ನಾನು ಮೇಲೆ ಹೇಳಿದ ಸೀನಿಯರ್‌ನಿಂದ ಜೂನಿಯರ್‌ಗೆ ಬರುವ ಕೈಕಲಿಕೆ ಇಲ್ಲಿ ಮೊದಲ ಕೊಂಡಿಯಲ್ಲೇ ಹರಿದಿದೆ.

ಫೆಲೋಶಿಪ್ ವಿಷಯಕ್ಕೆ ಬರೋಣ. ನೆಟ್ ಎಂಬ ರಾಷ್ಟ್ರೀಯ ಪರೀಕ್ಷೆ ಬರೆದು ಕೇಂದ್ರದ ಸಿಎಸ್‌ಐಆರ್ ಅಥವಾ ಯುಜಿಸಿಯ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಇದು ಗೌರವದ ಮೊತ್ತ. ಆದರೆ ಸಿಗುವುದು ಬಹಳ ಕಡಿಮೆ ಜನಕ್ಕೆ. ನೆಟ್ ಇಲ್ಲದೆ ಪಿಎಚ್‌ಡಿ ಸೇರಿದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ತಿಂಗಳಿಗೆ 8,000 ಕೊಡುವ ವ್ಯವಸ್ಥೆ ಇದೆ. ರಾಜ್ಯ ವಿಶ್ವವಿದ್ಯಾಲಯದವರಿಗೆ ಅದು ಅನ್ವಯಿಸುವುದಿಲ್ಲ. ಕೆಲವರಿಗೆ ರಾಜ್ಯದ ಇಲಾಖೆಗಳಿಂದ ನೆರವು ಬರುತ್ತದೆ, ಉಳಿದವರು ಮನೆಯ ದುಡ್ಡಿನಲ್ಲೋ ಅರೆಕಾಲಿಕ ಪಾಠದಲ್ಲೋ ನಡೆಸಬೇಕು. ಫೆಲೋಶಿಪ್ ಸಿಕ್ಕವರಿಗೂ ತಿಂಗಳುಗಟ್ಟಲೆ ಹಣ ಬಾರದೆ ಪರದಾಡುವುದು ದೇಶದಾದ್ಯಂತ ಕೇಳಿಬರುವ ದೂರು. ಊರಿನಿಂದ ದುಡ್ಡು ತರಿಸಿಕೊಳ್ಳುವ ಅನುಕೂಲ ಇಲ್ಲದ ಒಕ್ಕಲುತನದ ಮನೆಯ ಹುಡುಗ ಮೊದಲು ಬಿಟ್ಟುಹೋಗುವುದು ಅಲ್ಲೇ. ಹೆಣ್ಣುಮಕ್ಕಳಿಗೆ ಮನೆಯವರು ಹೇಳುವ "ಇನ್ನೂ ಐದು ವರ್ಷ ಓದ್ತೀಯಾ?" ಎಂಬ ಮಾತಿಗೆ ತಿಂಗಳಿಗೆ ಸರಿಯಾಗಿ ಬರುವ ಪಗಾರದಷ್ಟು ಗಟ್ಟಿ ಉತ್ತರ ಬೇರೆ ಇಲ್ಲ.

ಆ ನೆಟ್ ಪರೀಕ್ಷೆಯ ವಿಜ್ಞಾನದ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ನಮ್ಮ ಕಡೆ ಜಾಸ್ತಿ. ವಿಷಯ ಗೊತ್ತಿದ್ದೂ ಪ್ರಶ್ನೆ ಓದುವುದರಲ್ಲೇ ಸಮಯ ಕಳೆಯುವವರು ಎಷ್ಟೋ ಮಂದಿ. ಅದರ ಮೇಲೆ ಡಿಗ್ರಿಯ ಕತೆ. ನಾಲ್ಕನೇ ವರ್ಷದಲ್ಲಿ ಸಂಶೋಧನಾ ಪ್ರಾಜೆಕ್ಟ್ ಮಾಡುವ ಅವಕಾಶ ಹೊಸ ಶಿಕ್ಷಣ ನೀತಿಯಲ್ಲಿ ಇತ್ತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಆ ನೀತಿಯ ಬಗ್ಗೆ ನನಗೂ ತಕರಾರುಗಳಿವೆ. ಆದರೆ ಪ್ರಾಜೆಕ್ಟ್ ವರ್ಷದ ಜಾಗಕ್ಕೆ ಏನು ಎಂಬುದನ್ನು ಯಾರೂ ಸರಿಯಾಗಿ ಮಾತಾಡಲಿಲ್ಲ.

ಹಣದ ಲೆಕ್ಕ ದೆಹಲಿಯಲ್ಲೂ ಇಕ್ಕಟ್ಟಿನದೇ. ಭಾರತ ಸಂಶೋಧನೆಗೆ ಖರ್ಚು ಮಾಡುವುದು ದೇಶದ ಒಟ್ಟು ಉತ್ಪನ್ನದ (ಜಿಡಿಪಿ) 0.64 ಶೇಕಡಾ. ಚೀನಾದ್ದು 2ಕ್ಕಿಂತ ಮೇಲೆ, ದಕ್ಷಿಣ ಕೊರಿಯಾದ್ದು 4ಕ್ಕಿಂತ ಮೇಲೆ. 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷದಲ್ಲಿ 50,000 ಕೋಟಿ ರೂಪಾಯಿ ಎಂದು ಘೋಷಿಸಿದರು. ಅದರ ದೊಡ್ಡ ಪಾಲು ಸರ್ಕಾರದ ಹೊರಗಿನಿಂದ ಬರಬೇಕು ಎಂಬುದು ಲೆಕ್ಕಾಚಾರ. 2024ರ ಜುಲೈ ಬಜೆಟ್‌ನಲ್ಲಿ ಲ್ಯಾಬ್ ರಾಸಾಯನಿಕಗಳ ಆಮದು ಸುಂಕ 10ರಿಂದ 150 ಶೇಕಡಾಕ್ಕೆ ಏರಿದಾಗ ದೇಶದ ಲ್ಯಾಬ್‌ಗಳೆಲ್ಲ ಕಂಗಾಲಾದವು. ಕೂಗು ಎದ್ದ ಮೇಲೆ ಸಂಶೋಧನೆಗೆ ಬಳಸುವವರಿಗೆ ಹಳೆಯ ದರ ಮರಳಿತು. ಕೋಶದೊಳಗಿನ ಪ್ರೊಟೀನ್ ಗುರುತಿಸಲು ಬೇಕಾದ ಆಂಟಿಬಾಡಿಯ ಒಂದು ಪುಟ್ಟ ಸೀಸೆಗೆ ಹತ್ತಾರು ಸಾವಿರ ಕೊಡುವ ಲ್ಯಾಬ್‌ಗೆ ಅಂಥ ಒಂದು ಏರಿಕೆ ಎಂದರೆ ಒಬ್ಬ ಪ್ರಾಜೆಕ್ಟ್ ಅಸಿಸ್ಟೆಂಟ್ ಕಡಿಮೆ ಎಂದೇ ಅರ್ಥ.

ಬೆಳಗಾವಿ ಒಮ್ಮೆ ಮಾಡಿ ತೋರಿಸಿದ್ದು

ನಮ್ಮ ಕಡೆ ಇಂಥದ್ದೆಲ್ಲ ಆಗುವುದಿಲ್ಲ ಎನ್ನುವವರಿಗೆ ನಾನು ಬೆಳಗಾವಿಯ ಒಂದು ಅಧ್ಯಯನ ನೆನಪಿಸುತ್ತೇನೆ. ಅದು ನರಕೋಶದ್ದಲ್ಲ, ಬಾಣಂತಿಯರದು. ಹೆರಿಗೆ ಆದ ಮೇಲೆ ಆಗುವ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ ತಡೆಯುತ್ತದೆಯೇ ಎಂದು ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ತಾಯಂದಿರಲ್ಲಿ ಪರೀಕ್ಷಿಸಿದರು. ರಕ್ತಸ್ರಾವ 12 ಶೇಕಡಾದಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಅದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಜಗತ್ತಿನ ಬಡ ದೇಶಗಳ ಹೆರಿಗೆ ಪದ್ಧತಿ ಬದಲಾಗಲು ಅದು ನೆರವಾಯಿತು. ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದವರ ಜೊತೆ ಸೇರಿ ಮಾಡಿದ ಕೆಲಸ ಅದು. ಮಾತ್ರೆ ಕೊಟ್ಟವರು, ರಕ್ತ ಅಳೆದವರು, ಬರೆದಿಟ್ಟವರು ಹಳ್ಳಿಯ ಎಎನ್‌ಎಂ ಸಿಸ್ಟರುಗಳು. ಅವರಿಗೆ ತರಬೇತಿ ಇತ್ತು, ನೌಕರಿಯ ಭದ್ರತೆ ಇತ್ತು, ಪ್ರಶ್ನೆ ಸ್ಪಷ್ಟ ಇತ್ತು. ಮೂರೂ ಇದ್ದಾಗ ನಮ್ಮ ಜಿಲ್ಲೆಯ ಅಂಕಿಅಂಶವನ್ನು ಜಗತ್ತು ನಂಬಿತು.

ನರಕೋಶಕ್ಕೂ ದಾರಿ ಇದೆ. ಪುಣೆಯ ಐಸರ್ ಎಂಬ ಕೇಂದ್ರದ ವಿಜ್ಞಾನ ಸಂಸ್ಥೆಯಲ್ಲಿ ಕೋಳಿ ಭ್ರೂಣದ ನರಕೋಶ ಬೆಳೆಸಿ ಗ್ರೋತ್ ಕೋನ್ ಅಧ್ಯಯನ ಮಾಡುವ ಗುಂಪು ಇದೆ. ಬೆಳಗಾವಿಗೆ ಬೆಂಗಳೂರಿಗಿಂತ ಪುಣೆ ಹತ್ತಿರ. ಬೆಂಗಳೂರಿನ ಎನ್‌ಸಿಬಿಎಸ್, ಐಐಎಸ್‌ಸಿ ಎಂಬ ಸಂಶೋಧನಾ ಸಂಸ್ಥೆಗಳಲ್ಲೂ ಇಂಥ ಲ್ಯಾಬ್‌ಗಳಿವೆ. ಮುಂಬೈಯ ಟಿಐಎಫ್‌ಆರ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಶುಭಾ ತೋಲೆ ಅವರು ಭ್ರೂಣದ ಮೆದುಳು ರೂಪುಗೊಳ್ಳುವುದರ ಬಗ್ಗೆ ದಶಕಗಳಿಂದ ಕೆಲಸ ಮಾಡುತ್ತಿದ್ದಾರೆ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ ಇದೆ, ಎರಡು ತಿಂಗಳು ಇಂಥ ಲ್ಯಾಬ್‌ನಲ್ಲಿ ಕೂತು ಕಲಿಯಬಹುದು. ಅದಕ್ಕೆ ಅರ್ಜಿ ಹಾಕಲು ಒಬ್ಬ ಶಿಕ್ಷಕರ ಶಿಫಾರಸು ಬೇಕು, ಆ ಹುಡುಗಿಯನ್ನು ಬಲ್ಲ ಶಿಕ್ಷಕರದು.

ಈಗ ಲೆಕ್ಕ ಹಾಕಿ. ಒಬ್ಬ ಪಿಎಚ್‌ಡಿ ವಿದ್ಯಾರ್ಥಿಗೆ ಮೊದಲ ಎರಡು ವರ್ಷ 37,000, ನಂತರದ ಮೂರು ವರ್ಷ 42,000 ಎಂದರೆ ಐದು ವರ್ಷಕ್ಕೆ ಮನೆ ಬಾಡಿಗೆ ಭತ್ಯೆ ಬಿಟ್ಟು ಸರಿಯಾಗಿ 24 ಲಕ್ಷ ರೂಪಾಯಿ. ನಾಲ್ಕು ಜನಕ್ಕೆ 96 ಲಕ್ಷ. ಕೋಶದ ಒಳಗನ್ನು ಪದರ ಪದರವಾಗಿ ತೋರಿಸುವ ಒಂದು ಒಳ್ಳೆಯ ಕಾನ್‌ಫೋಕಲ್ ಮೈಕ್ರೋಸ್ಕೋಪ್ ಬೆಲೆ ಕೋಟಿ ದಾಟುತ್ತದೆ. ದೊಡ್ಡ ಅನುದಾನ ಬಂದಾಗ ನಾವು ಮೊದಲು ಕೊಳ್ಳುವುದು ಮೈಕ್ರೋಸ್ಕೋಪ್, ಉದ್ಘಾಟನೆಗೂ ಫೋಟೊಕ್ಕೂ ಅದೇ ಚೆನ್ನ. ನಡೆಸುವವರು ಇಲ್ಲದೆ ಅದು ಎಸಿ ಕೋಣೆಯಲ್ಲಿ ಬಟ್ಟೆ ಹೊದ್ದು ಕೂರುತ್ತದೆ. ನಾನಾದರೆ ಆ ದುಡ್ಡನ್ನು ಮೊದಲು ನಾಲ್ಕು ವಿದ್ಯಾರ್ಥಿಗಳಿಗೆ ಕೊಡುತ್ತೇನೆ, ಮೈಕ್ರೋಸ್ಕೋಪಿಗೆ ಪುಣೆಯ ಅಥವಾ ಬೆಂಗಳೂರಿನ ಲ್ಯಾಬ್ ಜೊತೆ ಒಪ್ಪಂದ ಮಾಡಿಕೊಳ್ಳುತ್ತೇನೆ. ಹೊಸ ಪ್ರತಿಷ್ಠಾನದಲ್ಲಿ ದೊಡ್ಡ ಸಂಸ್ಥೆಗಳ ಜೊತೆ ರಾಜ್ಯ ವಿಶ್ವವಿದ್ಯಾಲಯಗಳನ್ನು ಜೋಡಿಸುವ ಯೋಜನೆಯೂ ಇದೆ. ಅದರಲ್ಲಿ ಸೇರಬೇಕಾದರೆ ನಮ್ಮ ಕಡೆ ಕಾಯಂ ಪ್ರಾಧ್ಯಾಪಕರು ಇರಬೇಕು, ಒಪ್ಪಂದಕ್ಕೆ ಸಹಿ ಹಾಕಿ ಐದು ವರ್ಷ ಅದರ ಹಿಂದೆ ನಿಲ್ಲುವವರು.

2025ರ ಫೆಬ್ರವರಿಯಲ್ಲಿ ಹಣ ಸಾಲದು ಎಂಬ ಕಾರಣಕ್ಕೆ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟ ಉಪಸಮಿತಿಯಲ್ಲಿ ಬಂತು. ಬಾಗಲಕೋಟೆಯದೂ ಆ ಪಟ್ಟಿಯಲ್ಲಿತ್ತು. ಮುಚ್ಚಬೇಡಿ ಎಂಬ ಕೂಗಿಗೆ ನನ್ನ ದನಿಯೂ ಇದೆ. ಜೊತೆಗೆ ಇನ್ನೊಂದು ಬೇಡಿಕೆಯೂ ಇರಬೇಕು ಅಲ್ವಾ? ಬೋರ್ಡು ಉಳಿಸಿಕೊಂಡರೆ ಸಾಲದು. ಜೀವವಿಜ್ಞಾನದ ಪ್ರತಿ ವಿಭಾಗಕ್ಕೆ ಕನಿಷ್ಠ ಇಬ್ಬರು ಕಾಯಂ ಪ್ರಾಧ್ಯಾಪಕರು, ಪ್ರತಿ ವರ್ಷ ಒಂದಾದರೂ ಫೆಲೋಶಿಪ್ ಎಂದು ಬರೆದು ಕೇಳಬೇಕು.

ಅಷ್ಟರವರೆಗೆ ಸುಮ್ನೆ ಕೂರಬೇಕಿಲ್ಲ. ಅಂಗಡಿಯಲ್ಲಿ ಸಿಗುವ ಫಾರಂ ತತ್ತಿಯಲ್ಲಿ ಭ್ರೂಣ ಇರುವುದಿಲ್ಲ, ಹುಂಜ ಇರುವ ಮನೆಯ ಜವಾರಿ ಕೋಳಿಯ ತಾಜಾ ತತ್ತಿ ಬೇಕು. ಅದು ನಮ್ಮ ಯಾವ ಹಳ್ಳಿಯಲ್ಲೂ ಸಿಗುತ್ತದೆ. 37.5 ಡಿಗ್ರಿ ಶಾಖ ಹಿಡಿದಿಡುವ ಸಣ್ಣ ಇನ್‌ಕ್ಯುಬೇಟರ್, ಒಂದು ತಟ್ಟೆ ನೀರು, ಒಂದು ಸಾಧಾರಣ ಸ್ಟೀರಿಯೋ ಮೈಕ್ರೋಸ್ಕೋಪ್ ಇದ್ದರೆ ಸಾಕು. ಮೂರನೇ ದಿನ ತತ್ತಿಗೆ ಚಿಕ್ಕ ಕಿಟಕಿ ತೆರೆದರೆ ಬಡಿಯುವ ಗುಂಡಿಗೆ ಬರಿಗಣ್ಣಿಗೇ ಕಾಣುತ್ತದೆ. ಬೆನ್ನಿನ ಉದ್ದಕ್ಕೂ ಹೋಗುವ ನರದ ಕೊಳವೆ ಮೈಕ್ರೋಸ್ಕೋಪಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮುಂದಿನ ಸೆಮಿಸ್ಟರ್ ಪ್ರಾಕ್ಟಿಕಲ್‌ಗೆ ಇದನ್ನು ಸೇರಿಸಲು ಸಿಲಬಸ್ ಮಂಡಳಿಯ ಒಂದು ಸಭೆ ಸಾಕು.